ಮೂರನೇ ಕೂಗಿಗೆ ಮೊದಲು

ನಜಮುನ್ನೀಸಾ ಸಂಜೆಯಿಂದ ಒಂದು ಸಲವೂ ತನ್ನನ್ನು ಹೆಸರು ಹಿಡಿದು ಕರೆದಿಲ್ಲ ಎನ್ನುವುದು ಭುವನೇಶ್ವರಿಗೆ ಹೊಳೆದದ್ದು ಮಿರ್ಚಿ ಭಜಿಯ ಬಂಡಿಯ ಮುಂದೆ ನಿಂತಾಗ. "ಇಕಿಗೂ ಒಂದ್ ಪ್ಲೇಟ್ ಕೊಡಪಾ," ಎಂದಿದ್ದಳು ನಜಮುನ್ನೀಸಾ ಭಜಿಯವನಿಗೆ. ಇಕಿಗೂ. ಅದಕ್ಕೆ ಮುಂಚೆ ಗೇಟಿನಲ್ಲಿ "ಬಂದ್ಯಾ" ಎಂದು ಕೈ ಹಿಡಿದಿದ್ದಳು, ಟಿಕೇಟಿನ ಸಾಲಿನಲ್ಲಿ "ಏ, ನೀ ಈ ಕಡಿ ನಿಂದ್ರು" ಎಂದು ಎಳೆದಿದ್ದಳು, ಬಳೆ ಅಂಗಡಿಯಲ್ಲಿ "ನಮ್ಮ ಗೆಳತಿಗಿ ಹಸರು ಬಳಿ ತೋರಸ್ರಿ" ಎಂದಿದ್ದಳು. ನಕ್ಕಿದ್ದಳು, ಹೆಗಲು ಬಡಿದಿದ್ದಳು, ಮಗಳು ಎಷ್ಟನೇತ್ತಾ ಎಂದು ಕೇಳಿದ್ದಳು. ಆದರೆ ಹೆಸರು ಬರಬೇಕಾದ ಕಡೆಯಲ್ಲೆಲ್ಲ ರಸ್ತೆಯ ತಗ್ಗು ತಪ್ಪಿಸುವ ಆಟೋದವನ ಹಾಗೆ ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಕರುಣಾ ಮಾತ್ರ "ಭುವನಾ, ಭುವನಾ" ಎನ್ನುತ್ತಿದ್ದಳು. ಶಾಲೆಯಲ್ಲಿ ಪಾಠ ಹೇಳುವ ಟೀಚರು ಅವಳು, ಹೊಸ ಹೆಸರನ್ನು ಹಾಜರಿ ಪುಸ್ತಕದಿಂದ ಓದಿದಂತೆ ಸ್ಪಷ್ಟವಾಗಿ ಓದುತ್ತಿದ್ದಳು. ಭಜಿಯ ಮೆಣಸಿನಕಾಯಿ ಖಾರವಿತ್ತು. ಭುವನೇಶ್ವರಿಯ ಕಣ್ಣಲ್ಲಿ ನೀರು ಬಂದದ್ದಕ್ಕೆ ಒಂದು ನೆಪ ಸಿಕ್ಕಿತು.

ವಾಡಿಯ ರೈಲು ಹಳಿಗಳ ಆಚೆಯ ಮೈದಾನದಲ್ಲಿ ಎಕ್ಸಿಬಿಷನ್ ಬಂದು ಹದಿನೈದು ದಿನವಾಗಿತ್ತು. ಮನೆಯಲ್ಲಿ ಕೂತರೂ ಜೈಂಟ್ ವೀಲಿನ ದೀಪ ಅಡುಗೆಮನೆಯ ಕಿಟಕಿಯಲ್ಲಿ ಮೇಲೆ ಕೆಳಗೆ ಹೋಗುವುದು ಕಾಣುತ್ತಿತ್ತು, ಮೈಕು ಕೇಳುತ್ತಿತ್ತು. ಹೋಗೋಣ ಎಂದವಳು ಕರುಣಾ. ಚಿತ್ತಾಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತ ಮೂವರು ಮದುವೆಗಳಾದ ಮೇಲೆ ಒಂದು ಕಡೆ ಕೂಡಿದ್ದೇ ಇಲ್ಲ, ಕೂಡದಿದ್ದರೆ ಇನ್ನು ಮುಪ್ಪಿನಲ್ಲಿ ಆಸ್ಪತ್ರೆಯಲ್ಲೇ ಕೂಡೋದು ಎಂದು ಅವಳು ಹಟ ಹಿಡಿದಳು. ತಾನು ಶಹಾಬಾದದಿಂದ ಬಂದಳು, ಚಿತ್ತಾಪುರದಲ್ಲಿ ಬ್ಲೌಸ್ ಹೊಲಿಯುವ ಅಂಗಡಿ ಇಟ್ಟ ನಜಮುನ್ನೀಸಾಳನ್ನು ರೈಲು ಹತ್ತಿಸಿ ಕರೆಸಿದಳು. ಭುವನೇಶ್ವರಿ ಗಂಡನಿಗೆ "ಕರುಣಾ ಬರ್ಲಿಕತ್ತಾಳ" ಎಂದಷ್ಟೇ ಹೇಳಿ ಬಂದಿದ್ದಳು. ಅದು ಸುಳ್ಳಲ್ಲ. ಅರ್ಧ ರೊಟ್ಟಿಯೂ ರೊಟ್ಟಿಯೇ, ಆದರೆ ಹೊಟ್ಟೆಗೆ ಗೊತ್ತಿರುತ್ತದೆ. ಈಗ ಇನ್ನೂ ಬೆಳಕಿತ್ತು, ದೀಪಗಳು ಸುಮ್ಮನೆ ಹತ್ತಿಕೊಂಡಿದ್ದವು, ನಾಲ್ಕೂ ಮೂಲೆಯ ಹಾರನ್ನುಗಳಿಂದ ಒಬ್ಬ ಮನುಷ್ಯ ಬಿಡುವಿಲ್ಲದೆ ಮಾತಾಡುತ್ತಿದ್ದ. "ಕೊಡ್ಲಿಯಿಂದ ಬಂದಂಥಾ ವಿಠೋಬಾ ಅವರೇ, ನಿಮ್ಮ ಒಂದು ಚಪ್ಪಲಿ ನಮ್ಮ ಹತ್ರ ಅದ. ಇನ್ನೊಂದು ಕಾಲಾಗ ಇದ್ರ ಅದನ್ನ ತೋರಿಸಿ ಒಯ್ಯಬೇಕು." ಜನ ನಕ್ಕರು. ಕರುಣಾ ಸೊಂಟ ಹಿಡಿದು ನಕ್ಕಳು. ನಜಮುನ್ನೀಸಾ ನಗುತ್ತಾ ಈ ಕಡೆ ತಿರುಗಿ ಏನೋ ಹೇಳಲು ಬಾಯಿ ತೆರೆದಳು, ಮೊದಲ ಅಕ್ಷರ ತುಟಿಗೆ ಬಂದದ್ದು ಭುವನೇಶ್ವರಿಗೆ ಕಂಡಿತು, ತುಟಿ ಕೂಡಿದ್ದು ಕಂಡಿತು. ಭುವನಾ ಎನ್ನಲೂ ತುಟಿ ಕೂಡಬೇಕು, ಆದರೆ ಆ ಹೆಸರಿನಿಂದ ನಜಮುನ್ನೀಸಾ ಎಂದೂ ಕರೆದವಳಲ್ಲ. ಆಮೇಲೆ "ನೋಡ್, ಕೇಳಿದಿ?" ಎಂದಳು.

ಪೀರಮ್ಮ. ಗುಂಡಗುರ್ತಿಯಲ್ಲಿ ಅವ್ವನಿಗೆ ಮೂರು ಮಕ್ಕಳು ಹುಟ್ಟಿ ಹೋಗಿದ್ದವು. ನಾಲ್ಕನೆಯದು ಹೊಟ್ಟೆಯಲ್ಲಿದ್ದಾಗ ಮೊಹರಮ್ಮಿನಲ್ಲಿ ಪೀರಲ ದೇವರ ಮುಂದೆ ನಿಂತು, ಇದೊಂದು ಉಳೀಲಿ, ನಿನ್ನ ಹೆಸರೇ ಇಡತೀನಿ ಎಂದು ಸೆರಗೊಡ್ಡಿದ್ದಳಂತೆ. ಊರಲ್ಲಿ ಅದೇನು ದೊಡ್ಡ ಸುದ್ದಿಯಲ್ಲ. ಆ ಓಣಿಯಲ್ಲೇ ಇನ್ನಿಬ್ಬರು ಪೀರಮ್ಮಂದಿರಿದ್ದರು, ಒಬ್ಬ ಮಶಾಕನಿದ್ದ, ಅವನ ಕೊರಳಲ್ಲಿ ಲಿಂಗವಿತ್ತು. ಹೆಸರು ದೊಡ್ಡ ಸುದ್ದಿಯಾದದ್ದು ಲಗ್ನಪತ್ರಿಕೆ ಛಾಪಿಸುವಾಗ. "ಪೀರಮ್ಮ ಅಂತ ಹೆಂಗ ಛಾಪಸೋದ್ರಿ, ನಾಕ್ ಮಂದಿ ಓದತಾರಲ?" ಎಂದರು ಅತ್ತೆ, ಬೇಸರದಿಂದಲ್ಲ, ಪಾಯಸಕ್ಕೆ ಬೆಲ್ಲ ಕಡಿಮೆಯಾಯಿತು ಎನ್ನುವ ಧಾಟಿಯಲ್ಲಿ. ಭುವನೇಶ್ವರಿ ಎಂದು ಛಾಪಾಯಿತು. ಮದುವೆಯ ದಿನ ತಾಟಿನಲ್ಲಿ ಅಕ್ಕಿ ಹರಡಿ, ಅದರಲ್ಲಿ ಮದುಮಗ ರಮೇಶಕುಮಾರ ಉಂಗುರದಿಂದ ಆ ಹೆಸರು ಬರೆದ, "ಶ್ವ"ದ ಒತ್ತು ಅಕ್ಕಿಯಲ್ಲಿ ನಿಲ್ಲದೆ ಎರಡು ಸಲ ತಿದ್ದಿದ. ಹಂದರದಲ್ಲಿ ಊಟಕ್ಕೆ ಕೂತ ನಜಮುನ್ನೀಸಾ ಕಾರ್ಡು ಎತ್ತಿ ಹಿಡಿದು, "ಈ ಭುವನೇಶ್ವರಿ ಯಾರಬೇ? ನಾ ನಮ್ಮ ಪೀರಮ್ಮನ ಮದವಿಗಿ ಬಂದೀನಿ" ಎಂದು ಕೂಗಿದ್ದಳು, ಬೀಗರ ಸಾಲು ತಿರುಗಿ ನೋಡಿತ್ತು. ಮರುದಿನ ಆ ಅಕ್ಕಿಯನ್ನು ತೊಳೆದು ಅನ್ನ ಮಾಡಿದವಳು ಇವಳೇ, ಹೊಸ ಸೊಸೆ. ಎಲ್ಲರೂ ಉಂಡರು. ಮಗಳನ್ನು ಬಿಟ್ಟು ಹೋಗುವಾಗ ಅವ್ವ ಮೋರೆ ಒರೆಸಿಕೊಂಡು, "ಬದುಕಿಸಿದ ಹೆಸರು ಅದು. ಎಲ್ಲ್ಯಾರ ಒಂದ್ ಕಡಿ ಜ್ವಾಕಿ ಇಟ್ಕೊ" ಎಂದಿದ್ದಳು, ಮುತ್ತಿನ ಬುಗಡಿ ಕೊಟ್ಟವರ ಹಾಗೆ. ಅವ್ವ ತೀರಿಹೋಗಿ ಎರಡು ವರ್ಷ. ಈಗ ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿಲ್ಲ. ಮೋಜೆಂದರೆ ಮನೆಯಲ್ಲಿ ಹೊಸದರಿಂದಲೂ ಯಾರೂ ಕರೆಯುವುದಿಲ್ಲ. ಗಂಡ "ಕೇಳಿಸ್ತಾ" ಎನ್ನುತ್ತಾನೆ, ಅತ್ತೆ "ಅಕಿ" ಎನ್ನುತ್ತಾರೆ, ನಾದಿನಿ ಸರಿತಾ "ವೈನಿ" ಎನ್ನುತ್ತಾಳೆ. ಭುವನೇಶ್ವರಿ ಎಂದು ಕರೆಯುವುದು ರೇಷನ್ ಅಂಗಡಿಯವನು, ಅದೂ ತಿಂಗಳಿಗೊಂದು ಸಲ. ಇದ್ದದ್ದನ್ನು ಕಸಿದುಕೊಂಡು ಕೊಟ್ಟದ್ದನ್ನು ಯಾರೂ ಬಳಸದಿದ್ದರೆ, ಕಸಿದದ್ದಾದರೂ ಯಾಕೆ?

"ಬರ್ರಿ, ವೀಲ್ ಹತ್ತೋಣು," ಎಂದಳು ಕರುಣಾ. ಮೇಲಿಂದ ಫೋನು ಬಿದ್ದರೆ ಗತಿಯಿಲ್ಲ ಎಂದು ಮೂವರ ಫೋನನ್ನೂ ತನ್ನ ಚೀಲದಲ್ಲಿ ಹಾಕಿ ಜಿಪ್ಪು ಎಳೆದಳು. ತೊಟ್ಟಿಲು ಅಲುಗಾಡುತ್ತಾ ಮೇಲೇರಿತು. ಕರುಣಾ ಕಣ್ಣು ಮುಚ್ಚಿ ಬುದ್ಧಂ ಶರಣಂ ಶುರುಮಾಡಿದಳು. ಎದುರು ಸೀಟಿನಲ್ಲಿ ನಜಮುನ್ನೀಸಾ ಬುರ್ಖಾದ ಅಂಚನ್ನು ಮೊಣಕಾಲಿನ ಕೆಳಗೆ ಸಿಕ್ಕಿಸಿಕೊಂಡು ಧೈರ್ಯವಾಗಿ ಕೆಳಗೆ ನೋಡುತ್ತಿದ್ದಳು, ಹುಡುಗಿಯಿದ್ದಾಗಲೂ ಹಾಗೇ, ಬೇವಿನ ಮರದ ತುದಿಗೆ ಮೊದಲು ಹೋಗುತ್ತಿದ್ದವಳು. ಅಗದಿ ಮೇಲೆ ಬಂದಾಗ ಚಕ್ರ ನಿಂತಿತು. ಸಿಮೆಂಟ್ ಕಾರ್ಖಾನೆಯ ಚಿಮಣಿ, ಬೂದಿಯ ಬಣ್ಣಕ್ಕೆ ತಿರುಗಿದ ಗಿಡಗಳು, ಮುಗಿಯದ ಒಂದು ಗೂಡ್ಸ್ ಗಾಡಿ. "ನಿಮ್ಮನಿ ಯಾವುದು?" ಎಂದಳು ನಜಮುನ್ನೀಸಾ. ಭುವನೇಶ್ವರಿ ಬೆರಳು ತೋರಿಸಿದಳು, ಅಗೋ ನೀಲಿ ನೀರಿನ ಟಾಕಿ ಇರುವುದು. "ಛಲೋ ಅದ," ಎಂದಳು ನಜಮುನ್ನೀಸಾ. ಒಂದು ದಿನವೂ ಬಾ ಎಂದು ಕರೆಯದ ಮನೆಯನ್ನು ಆಕಾಶದಿಂದ ತೋರಿಸುವಷ್ಟು ನಾಚಿಕೆಗೇಡು ಇನ್ನೊಂದಿಲ್ಲ. ಈಗ ಹೇಳಬೇಕು ಎಂದುಕೊಂಡಳು ಭುವನೇಶ್ವರಿ, ಇಲ್ಲಿ ಯಾರೂ ಇಲ್ಲ, ಕರುಣಾಳ ಕಣ್ಣು ಮುಚ್ಚಿವೆ, ಆವತ್ತು ಬಸ್‌ಸ್ಟ್ಯಾಂಡಿನಲ್ಲಿ ನನಗ ಕೇಳಿಸಿತ್ತು ಎಂದು ಹೇಳಿಬಿಡಬೇಕು. ಬಾಯಿ ತೆರೆದಳು. "ಗಾಳಿ ಭಾಳ ಅದಲ," ಎಂದಳು. ನಜಮುನ್ನೀಸಾ ಹೌದೆಂದಳು. ಚಕ್ರ ತಿರುಗಿತು.

ಆವತ್ತು, ಏಳು ವರ್ಷದ ಹಿಂದೆ. ಆಧಾರಿನಲ್ಲಿ ಪೀರಮ್ಮ, ಮಗಳ ಜನನಪತ್ರದಲ್ಲಿ ಭುವನೇಶ್ವರಿ, ಶಾಲೆಯವರು ಎರಡನ್ನೂ ಒಂದು ಮಾಡಿಸಿಕೊಂಡು ಬನ್ನಿ ಎಂದಿದ್ದರು. ರಮೇಶಕುಮಾರ ಚಿತ್ತಾಪುರದ ಕೋರ್ಟಿನ ಮುಂದೆ ಅಫಿಡವಿಟ್ ಮಾಡಿಸಿದ. ಪೀರಮ್ಮ ಉರ್ಫ್ ಭುವನೇಶ್ವರಿ, ಇನ್ನು ಮುಂದೆ ಭುವನೇಶ್ವರಿ ಎಂದೇ ತಿಳಿಯತಕ್ಕದ್ದು. "ಉರ್ಫ್ ಅಂತ ಕಳ್ಳರಿಗಷ್ಟೇ ಇರ್ತದಲ್ರಿ ಪೇಪರಿನ್ಯಾಗ?" ಎಂದು ಇವಳು ನಕ್ಕಳು, ಅವನು ನಗಲಿಲ್ಲ. ಕೆಟ್ಟವನಲ್ಲ ರಮೇಶಕುಮಾರ. ಬಯ್ಯುವುದಿಲ್ಲ, ಬೇಡ ಎನ್ನುವುದಿಲ್ಲ, "ಈಗಿನ ದಿನಮಾನ ಹಿಂಗದ" ಎಂದು ಅಡ್ಡಗೋಡೆಯ ಮೇಲೆ ದೀಪವಿಟ್ಟು ಸುಮ್ಮನಾಗುತ್ತಾನೆ, ಆ ದೀಪದ ಬೆಳಕಿನಲ್ಲಿ ನಾವೇ ನಮ್ಮ ದಾರಿ ನೋಡಿಕೊಳ್ಳಬೇಕು. ಬಸ್‌ಸ್ಟ್ಯಾಂಡಿಗೆ ಬಂದರು. ಆಚೆಯ ಪ್ಲಾಟ್‌ಫಾರ್ಮಿನಿಂದ "ಪೀರಮ್ಮಾ!" ಎಂಬ ಕೂಗು. ಆ ಗಂಟಲು ಯಾರದೆಂದು ಸಾವಿರ ಮಂದಿಯ ಗದ್ದಲದಲ್ಲೂ ಗೊತ್ತು. ರಮೇಶಕುಮಾರ ಕಾಗದದ ಫೈಲು ಎದೆಗೊತ್ತಿಕೊಂಡು ಇವಳ ಮೋರೆ ನೋಡಿದ, ಅಷ್ಟೆ. ಇವಳು ಬಸ್ಸಿನ ಬೋರ್ಡು ನೋಡಿದಳು. "ಪೀರಮ್ಮಾ?" ಎರಡನೆಯದು ಸಣ್ಣಗಿತ್ತು, ಪ್ರಶ್ನೆ ಕೇಳಿದಂತಿತ್ತು. ಮೂರನೆಯದು ಬರಲಿಲ್ಲ. ಕಿಟಕಿಯಿಂದ ನೋಡಿದಾಗ ನಜಮುನ್ನೀಸಾ ಅರ್ಧ ಎತ್ತಿದ ಕೈಯನ್ನು ತಲೆಯ ಮೇಲಿನ ಬಟ್ಟೆ ಸರಿಮಾಡುವ ಹಾಗೆ ತಿರುಗಿಸಿಕೊಂಡಳು, ಅಲ್ಲೇ ನಿಂತ ಯಾರೋ ಹೆಂಗಸು ತನ್ನನ್ನು ನೋಡಿದಳೇನೋ ಎಂದು.

ಇದಕ್ಕೆ ಭುವನೇಶ್ವರಿ ಒಂದು ವಕಾಲತ್ತು ಹುಡುಕಿಕೊಂಡಿದ್ದಳು, ಅದೂ ಅವ್ವನದೇ. ಕತ್ತಲಾದ ಮೇಲೆ ಹೊರಗಿಂದ ಯಾರಾದರೂ ಕರೆದರೆ ಒಮ್ಮೆಗೇ ಓ ಅನ್ನಬಾರದು ಎಂದು ಅವ್ವ ಕಲಿಸಿದ್ದಳು. "ದೆವ್ವ ಎರಡು ಸಲ ಕರೀತದ. ಮೂರನೇ ಸಲ ಕರೀಲಿಕ್ಕ ಅದಕ್ಕ ಬರಂಗಿಲ್ಲ. ಮನಷ್ಯಾರಾದ್ರ ಮೂರು ಸಲ ಕರೀತಾರ, ಆವಾಗ ಓ ಅನಬೇಕು." ಶಾಲೆಯಲ್ಲಿ ಇದು ಗೊತ್ತಾಗಿ ನಜಮುನ್ನೀಸಾ ಹಾಡೇ ಕಟ್ಟಿದ್ದಳು, ಹಗಲು ಹೊತ್ತಿನಲ್ಲೂ ಒಂದೇ ಉಸಿರಿನಲ್ಲಿ "ಪೀರಮ್ಮಾ ಪೀರಮ್ಮಾ ಪೀರಮ್ಮಾ, ಮನಷ್ಯಾಳೇ ಬಂದೀನಬೇ" ಎನ್ನುತ್ತಿದ್ದಳು. ಮೂರನೇ ಸಲ ಕರೆದಿದ್ದರೆ ತಿರುಗುತ್ತಿದ್ದೆ, ಖಂಡಿತ ತಿರುಗುತ್ತಿದ್ದೆ. ಏಳು ವರ್ಷ ಇದನ್ನೇ ಹೇಳಿಕೊಂಡಿದ್ದಳು, ರೊಟ್ಟಿ ಬಡಿಯುತ್ತಾ, ಬಟ್ಟೆ ಹಿಂಡುತ್ತಾ. ಹಾಡು ಹಗಲಿನಲ್ಲಿ, ತುಂಬಿದ ಬಸ್‌ಸ್ಟ್ಯಾಂಡಿನಲ್ಲಿ, ಜೀವದ ಗೆಳತಿಯನ್ನು ದೆವ್ವದ ಲೆಕ್ಕಕ್ಕೆ ಸೇರಿಸಿದ್ದಳು.

ತೊಟ್ಟಿಲಿನಿಂದ ಇಳಿದ ಕರುಣಾಳಿಗೆ ತಲೆ ಸುತ್ತಿತು. ಕಂಬಕ್ಕೆ ಒರಗಿಸಿ ಕೂರಿಸಿದರು. ನಿಂಬೆ ಸೋಡಾ ತರುತ್ತೇನೆಂದು ಭುವನೇಶ್ವರಿ ಹೊರಟಳು, ಹೊರಟದ್ದು ಸೋಡಾಕ್ಕಲ್ಲ, ನಜಮುನ್ನೀಸಾಳ ಆ "ಛಲೋ ಅದ"ದಿಂದ ಪಾರಾಗುವುದಕ್ಕೆ. ಸೋಡಾದ ಬಂಡಿ ಕಂಡಲ್ಲಿ ಇರಲಿಲ್ಲ. ಸಾವಿನ ಬಾವಿಯ ಹಲಗೆಗಳ ಹಿಂದೆ ಮೋಟರ್ ಸೈಕಲ್ಲು ಗುಡುಗುತ್ತಿತ್ತು, ಜನ ಒಂದೇ ಸಲ ಹೊರಬಿದ್ದರು, ಅವರ ಜೊತೆ ಅವಳೂ ಎಲ್ಲಿಗೋ ಬಂದಳು. ತಿರುಗಿ ನೋಡಿದರೆ ಎಲ್ಲ ಕಂಬಗಳೂ ಒಂದೇ ಥರ ಇದ್ದವು. ಫೋನಿಗೆ ಕೈ ಹಾಕಿದಳು, ಫೋನು ಕರುಣಾಳ ಚೀಲದಲ್ಲಿ. ಆಗಲೇ "ವೈನೀ!" ಎಂಬ ಧ್ವನಿ. ಸರಿತಾ. ಜೊತೆಗೆ ಕಾಲನಿಯ ನಾಲ್ಕು ಹೆಂಗಸರು, ಕೈಯಲ್ಲಿ ದಿಲ್ಲಿ ಹಪ್ಪಳ, ಮೈತುಂಬ ಸೆಂಟಿನ ವಾಸನೆ. ಸರಿತಾ ಒಳ್ಳೆಯವಳೇ, ಮಗಳ ಜಡ್ಡಿನಲ್ಲಿ ರಾತ್ರಿಯೆಲ್ಲ ಜೊತೆಗೆ ಎದ್ದು ಕೂತಿದ್ದವಳು. "ಒಬ್ಬರೇ ಬಂದೀರೇನ್ರಿ ವೈನಿ?"

"ಇಲ್ಲವಾ, ಗೆಳತಿ ಬಂದಾಳ."

"ಯಾರು?"

"ಕರುಣಾ ಅಂತ. ಶಹಾಬಾದದಾಗ ಟೀಚರ್ ಅದಾಳ."

ಒಬ್ಬಳ ಹೆಸರು ಹೇಳಿ ಇನ್ನೊಬ್ಬಳ ಹೆಸರು ನುಂಗಿದಳು. ಯಾರೂ ತಡೆದಿರಲಿಲ್ಲ, ಯಾರೂ ಹೆದರಿಸಿರಲಿಲ್ಲ, ರೂಢಿ ಬಿದ್ದ ನಾಲಿಗೆ ತಾನಾಗಿಯೇ ನುಂಗಿತು. ಅಷ್ಟರಲ್ಲಿ ತಲೆಯ ಮೇಲಿನ ಹಾರನ್ನು ಗೊರಗೊರ ಎಂದಿತು. "ಗುಂಡಗುರ್ತಿಯ ಪೀರಮ್ಮನವರೇ, ಎಲ್ಲಿದ್ರೂ ಮೈಕಿನ ಡೇರೆಕ್ಕ ಬರಬೇಕು. ನಿಮ್ಮ ಗೆಳತಿ ನಜಮುನ್ನೀಸಾ ನಿಮ್ಮ ಹಾದಿ ಕಾಯಲಿಕತ್ತಾರ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ಭುವನೇಶ್ವರಿಯ ಕೈ ತಾನಾಗಿ ಕೊರಳಿಗೆ ಹೋಯಿತು. ಮೈದಾನದ ನಾಲ್ಕು ಮೂಲೆಗೂ ಆ ಹೆಸರು ಬಿದ್ದಿತ್ತು. ಅಡುಗೆಮನೆಯ ಕಿಟಕಿಯವರೆಗೂ ಬಿದ್ದಿರಬಹುದು. ನಜಮುನ್ನೀಸಾಳ ಬಾಯಲ್ಲಿ ಇದೊಂದೇ ಹೆಸರು ಇತ್ತು. ಡೇರೆಯವನು ಹೆಸರು ಹೇಳ್ರಿ ಎಂದಾಗ ಅವಳಿಗೆ ಸುತ್ತು ಹಾಕಿ ಹೋಗಲು ದಾರಿಯಿರಲಿಲ್ಲ. ಸಂಜೆಯೆಲ್ಲ ಅವಳು ಜೋಪಾನವಾಗಿ ಮುಚ್ಚಿಟ್ಟದ್ದು, ಸಿಟ್ಟಿನಿಂದ ಮುಚ್ಚಿಟ್ಟದ್ದಲ್ಲ, ಇನ್ನೊಮ್ಮೆ ಓ ಅನ್ನದಿದ್ದರೆ ಎಂಬ ಭಯದಿಂದ ಎಂದು ಭುವನೇಶ್ವರಿಗೆ ಈಗ ತಿಳಿಯಿತು. ಸರಿತಾ ಹಪ್ಪಳ ಮುರಿಯುತ್ತಾ ನಕ್ಕಳು. "ಪೀರಮ್ಮ ಅಂತ! ಈಗಿನ ಕಾಲದಾಗೂ ಇಂಥಾ ಹೆಸರು ಇಟ್ಕೊಂಡು ತಿರಗತಾರ ನೋಡ್ರಿ." ಉಳಿದವರೂ ನಕ್ಕರು. ಮದುವೆಯಾದಾಗ ಸರಿತಾ ಸಣ್ಣ ಹುಡುಗಿ, ಅವಳಿಗೆ ಯಾರೂ ಹೇಳಿರಲಿಲ್ಲ. ಭುವನೇಶ್ವರಿಯ ಮೋರೆಯ ಮೇಲೂ ಒಂದು ನಗು ಬಂದು ಕೂತಿತು, ಅವಳು ಕರೆಯದೆ ಬಂದದ್ದು, ಅಂಟಿಕೊಂಡು ಕೂತದ್ದು. ಆ ನಗುವಿನ ಮೇಲೆ ಅವಳಿಗೆ ಹುಟ್ಟಿದ ಅಸಹ್ಯ ಸತ್ತರೂ ಮರೆಯುವಂಥದ್ದಲ್ಲ. ಮೂರು ಮಕ್ಕಳನ್ನು ಮಣ್ಣಿಗೆ ಕೊಟ್ಟು ಅವ್ವ ಬೇಡಿ ತಂದ ಹೆಸರಿಗೆ ತಾನೂ ನಕ್ಕಳು. ಒಂದು ಕೂಗು ಕಳೆಯಿತು, ಎಂದಿತು ಒಳಗಿನ ಲೆಕ್ಕದ ಮನಸ್ಸು, ಎರಡನೆಯದೂ ಕಳೆಯಲಿ, ಮೂರನೆಯದಕ್ಕೆ ನೋಡೋಣ.

ಹಾರನ್ನು ಮತ್ತೆ ಗೊರಗೊರ ಎಂದಿತು. ಈ ಸಲ ಗಂಡಸಿನ ಧ್ವನಿಯಲ್ಲ. ನಜಮುನ್ನೀಸಾ ಮೈಕು ಕಸಿದುಕೊಂಡಿದ್ದಳು. ಊರಿಲ್ಲ, "ಅವರೇ" ಇಲ್ಲ, ಬರಬೇಕು ಹೋಗಬೇಕು ಒಂದೂ ಇಲ್ಲ. "ಪೀರಮ್ಮಾ?" ಅಷ್ಟೇ. ಬಸ್‌ಸ್ಟ್ಯಾಂಡಿನ ಎರಡನೇ ಕೂಗೇ ಅದು, ಅದೇ ಸಣ್ಣ ಧ್ವನಿ, ಕೊನೆಯಲ್ಲಿ ಅದೇ ಪ್ರಶ್ನೆ.

"ಓ!"

ತನ್ನ ಗಂಟಲಿನಲ್ಲಿ ಇಷ್ಟು ದೊಡ್ಡ ಧ್ವನಿ ಇದೆಯೆಂದು ಅವಳಿಗೇ ಗೊತ್ತಿರಲಿಲ್ಲ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗುವ ಧ್ವನಿ, ಕಾಲನಿಗೆ ಬಂದ ಮೇಲೆ ಬಳಸಿರಲಿಲ್ಲ. ಬಳೆ ಅಂಗಡಿಯವನು ತಲೆ ಎತ್ತಿದ. ಸರಿತಾಳ ಕೈಯಿಂದ ಹಪ್ಪಳದ ಚೂರು ಬಿತ್ತು. "ವೈನಿ? ನೀವ್ಯಾಕ ಓ ಅಂದ್ರಿ?"

"ನನ್ನೇ ಕರೀಲಿಕತ್ತಾರಲವಾ, ನಾನೇ ಅನಬೇಕು."

"ನೀವು... ಪೀರಮ್ಮ?"

"ಹೂಂ. ಹುಟ್ಟಿದಾಗಿಂದ. ನಿಮ್ಮಣ್ಣಗೂ ಗೊತ್ತದ, ನಿಮ್ಮವ್ವಗೂ ಗೊತ್ತದ. ನಿನಗೊಬ್ಬಾಕಿಗೇ ಗೊತ್ತಿದ್ದಿಲ್ಲ. ನಕ್ಕಿದ್ದಕ್ಕ ನಾ ಸಿಟ್ಟಿಗೆದ್ದಿಲ್ಲ, ನಾನೂ ನಕ್ಕೀನಿ. ಇನ್ನೊಮ್ಮಿ ನಗಬ್ಯಾಡ." ಅವಳು ಡೇರೆಯ ಕಡೆ ತಿರುಗಿದಳು. ನಾಲ್ವರು ಹೆಂಗಸರು ದಾರಿ ಬಿಟ್ಟರು. ಅವರಲ್ಲೊಬ್ಬರು ಆಗಲೇ ಚೀಲದಿಂದ ಫೋನು ತೆಗೆಯುತ್ತಿದ್ದುದನ್ನು, ಸರಿತಾ ಅವರ ಕೈಯನ್ನು ಹಿಡಿದು ತಾನೇ ಫೋನು ತೆಗೆದುದನ್ನು ಅವಳು ನೋಡಿದಳು. ಮಾಡಲಿ. ಮನೆಯ ಸುದ್ದಿ ಮನೆಯವರೇ ಮುಟ್ಟಿಸುವುದು ಲೇಸು.

ಡೇರೆಗೆ ಬಂದಾಗ ನಜಮುನ್ನೀಸಾ ಮೈಕನ್ನು ಎರಡೂ ಕೈಯಲ್ಲಿ ಹಿಡಿದು ಮೂರನೆಯದಕ್ಕೆ ಉಸಿರು ಎಳೆದುಕೊಳ್ಳುತ್ತಿದ್ದಳು. ಇವಳನ್ನು ಕಂಡು ಆ ಉಸಿರು ಹಾಗೇ ನಿಂತಿತು. "ಎರಡೇ ಆಗಿತ್ತು," ಎಂದಳು.

"ಗೊತ್ತದ. ಎಣಿಸೀನಿ." ಆಮೇಲೆ, ಏಳು ವರ್ಷದಿಂದ ಗಂಟಲಿನಲ್ಲಿದ್ದದ್ದು ಸರಾಗವಾಗಿ ಬಂದಿತು. "ಚಿತ್ತಾಪುರದ ಬಸ್‌ಸ್ಟ್ಯಾಂಡಿನ್ಯಾಗೂ ಕೇಳಿಸಿತ್ತು ನಜ್ಮಾ. ಎರಡೂ ಕೇಳಿಸಿದ್ದವು."

"ನನಗೂ ಗೊತ್ತದ," ಎಂದಳು ನಜಮುನ್ನೀಸಾ. "ನಿನ್ನ ಕಿವಿ ಕೆಂಪಾಗಿದ್ದವು. ನಮ್ಮ ಮನಿಯವರು ಯಾರಂತ ಕೇಳಿದ್ರ, ನಮ್ಮ ಪೀರಮ್ಮ ಅಲ್ಲ, ಬ್ಯಾರೆ ಯಾರೋ ಅಂದೆ." ಬುರ್ಖಾದ ತೋಳಿನಿಂದ ಮೂಗು ಒರೆಸಿಕೊಂಡು, "ಹರಾಮಖೋರ್," ಎಂದಳು, ಶಾಲೆಯಲ್ಲಿ ಎನ್ನುತ್ತಿದ್ದ ಹಾಗೆಯೇ. ಡೇರೆಯವನು ಇಬ್ಬರನ್ನೂ ನೋಡಿ, "ಪೀರಮ್ಮ ಅಂದ್ರ ನೀವೇ ಖರೇ ಏನ್ರಿ? ನಾವು ಖಾತ್ರಿ ಮಾಡ್ಕೋಬೇಕಾಗ್ತದ," ಎಂದ. ಅವನಿಗೆ ಚಪ್ಪಲಿಯಾದರೂ ಒಂದೇ, ಮನುಷ್ಯರಾದರೂ ಒಂದೇ. ಪೀರಮ್ಮ ಮೈಕನ್ನು ತನ್ನ ಕಡೆ ಎಳೆದುಕೊಂಡಳು. "ನಾ ಗುಂಡಗುರ್ತಿ ಪೀರಮ್ಮ. ಬಂದೀನಿ," ಎಂದಳು. ನಾಲ್ಕು ಹಾರನ್ನುಗಳೂ ಅದನ್ನೇ ಎಂದವು, ಹಳಿಯ ಆಚೆಯಿಂದ ಒಂದು ಮರುದನಿಯೂ ಬಂತು.

ಬಣ್ಣ ಮರಳಿದ ಮೋರೆಯಲ್ಲಿ ಕರುಣಾ ಚೀಲ ಹಿಡಿದು ಓಡಿಬಂದಳು. ಚೀಲದೊಳಗೆ ಫೋನು ಹೊಡೆದುಕೊಳ್ಳುತ್ತಿತ್ತು. "ನಿಮ್ಮ ಮನಿಯವರದು," ಎಂದಳು ಅವಳು, ಹೆಸರು ಓದಿ, ತಗ್ಗಿದ ಧ್ವನಿಯಲ್ಲಿ. ಪೀರಮ್ಮ ಫೋನು ತೆಗೆದುಕೊಂಡು ಅಂಗೈಯಲ್ಲಿ ಇಟ್ಟುಕೊಂಡಳು. ರಿಂಗಾಗಿ ನಿಂತಿತು. "ಎತ್ತಲ್ಲೇನು?" ಎಂದಳು ನಜಮುನ್ನೀಸಾ. ಮತ್ತೆ ರಿಂಗಾಯಿತು, ಬಹಳ ಹೊತ್ತು ಆಯಿತು, ನಿಂತಿತು. "ಎರಡು ಸಲ ದೆವ್ವನೂ ಕರೀತದ," ಎಂದಳು ಪೀರಮ್ಮ. ಕರುಣಾ ಬಾಯಿಗೆ ಸೆರಗು ಒತ್ತಿಕೊಂಡಳು. ಡೇರೆಯವನೂ ಮೈಕಿನ ಗುಂಡಿ ಒತ್ತದೆ ಕಾಯುತ್ತಾ ನಿಂತ. ಮೂರನೇ ಸಲ ಬಂದಾಗ ಅವಳು ಎತ್ತಿ ಕಿವಿಗಿಟ್ಟಳು.

"ಹೂಂ, ಪೀರಮ್ಮ ಮಾತಾಡ್ಲಿಕತ್ತೀನಿ, ಹೇಳ್ರಿ," ಎಂದಳು. ಅವಳು ಕಾಯಲಿಲ್ಲ. "ನೀವು ಹೇಳದಿದ್ರ ನಾನೇ ಹೇಳ್ತೀನಿ. ಬರೋ ಐತವಾರ ನಜಮುನ್ನೀಸಾ ನಮ್ಮನಿಗಿ ಊಟಕ್ಕ ಬರ್ಲಿಕತ್ತಾಳ. ಬಾಗಲದಾಗ ನಿಂತು ಕರೀತಾಳ, ಮೂರು ಸಲ. ನಾ ಒಳಗ ಒಲಿ ಮುಂದ ಇರ್ತೀನಿ, ನೀವು ಓ ಅನ್ರಿ."